ಕರಿಕೋಟಿಗೆ ಕೈಮುಗಿಯುವುದಕ್ಕೆ ಮೊದಲು

ಹೋದ ತಿಂಗಳ ಸಭೆ ಮುಗಿದ ಮೇಲೆ ಹಾಸ್ಟೆಲಿನ ಒಬ್ಬ ಹುಡುಗ ನಮ್ಮ ಹತ್ತಿರ ಬಂದು ನಿಂತ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಅದರೊಳಗೆ ಅವನ ತಾತನ ಹೆಸರಿನ ಸಾಗುವಳಿ ಚೀಟಿ, ಮಡಿಕೆ ಹರಿದ ಎರಡು ಪಹಣಿ, ಒಬ್ಬ ವಕೀಲರ ಹೆಸರಿನ ಚೀಟಿ. ಸರ್ಕಾರ ತಾತನಿಗೆ ಮಂಜೂರು ಮಾಡಿದ್ದ ಎರಡೆಕರೆಯನ್ನು ಊರಿನ ಜಮೀನ್ದಾರ ಸಾಲದ ಲೆಕ್ಕಕ್ಕೆ ಬರೆಸಿಕೊಂಡಿದ್ದ. ಅದನ್ನು ಬಿಡಿಸಿಕೊಡಿ ಅಂತ ಹುಡುಗನ ಅಪ್ಪ ಉಪವಿಭಾಗಾಧಿಕಾರಿಗಳ ನ್ಯಾಯಾಲಯಕ್ಕೆ ಅರ್ಜಿ ಹಾಕಿದ್ದರು. ವಕೀಲರನ್ನು ಗೊತ್ತು ಮಾಡಿಕೊಟ್ಟವನು ಯಾರು? ಅದೇ ಜಮೀನ್ದಾರನ ಜಗಲಿಯಲ್ಲಿ ದಿನಾ ಕಾಫಿ ಕುಡಿಯುವ ಊರಿನ ಒಬ್ಬ ದೊಡ್ಡ ಮನುಷ್ಯ.

ಅಪ್ಪ ಪ್ರತಿ ವಾಯಿದೆಗೂ ಕೂಲಿ ಬಿಟ್ಟು, ಬಸ್ ಚಾರ್ಜು ಸಾಲ ಮಾಡಿ ಹೋಗುತ್ತಿದ್ದರು. "ಇವತ್ತು ಸಾಹೇಬ್ರು ಮೀಟಿಂಗಲ್ಲವ್ರೆ, ಮುಂದಿನ ಸಲ ಬಾ ಹೋಗು" ಅಂತ ಗುಮಾಸ್ತ ಹೊರಗಿನಿಂದಲೇ ಕಳಿಸುತ್ತಿದ್ದ. ಎರಡು ವರ್ಷದ ಮೇಲೆ ಒಂದು ದಿನ ಜಮೀನಿಗೆ ಕಲ್ಲುಕಂಬ ನೆಟ್ಟು ತಂತಿಬೇಲಿ ಎಳೆದರು. ಓಡಿಹೋಗಿ ಕೇಳಿದರೆ, "ನಿಮ್ಮ ಅರ್ಜಿ ವಜಾ ಆಗಿ ಎಂಟು ತಿಂಗಳಾಯ್ತಲ್ಲಪ್ಪ" ಅಂದರಂತೆ. ಕಾರಣ ಏನು ಬರೆದಿತ್ತು ಗೊತ್ತೆ? ಅರ್ಜಿದಾರ ಗೈರುಹಾಜರು. ಅರ್ಜಿದಾರ ಆ ದಿನ ಕಚೇರಿ ಮುಂದಿನ ಹುಣಸೆಮರದ ಕೆಳಗೆ ಬುತ್ತಿ ಇಟ್ಟುಕೊಂಡು ಕೂತಿದ್ದ.

ಆ ಹುಡುಗ ನಮ್ಮನ್ನು ಕೇಳಿದ್ದು ಒಂದೇ ಮಾತು: "ಅಣ್ಣ, ಒಳ್ಳೆ ವಕೀಲರನ್ನ ಹುಡುಕೋದು ಹೆಂಗೆ?" ಭೂಮಿ, ದೌರ್ಜನ್ಯ, ಮೀಸಲಾತಿ ಅಂತ ಗಂಟೆಗಟ್ಟಲೆ ಭಾಷಣ ಮಾಡಬಲ್ಲ ನಾವು ಈ ಪ್ರಶ್ನೆಯ ಮುಂದೆ ತಡವರಿಸಿದೆವು. ಈ ಸಂಪಾದಕೀಯ ಆ ತಡವರಿಕೆಯಿಂದ ಹುಟ್ಟಿದ್ದು.

ನಮ್ಮ ತಪ್ಪನ್ನು ನಾವೇ ಮೊದಲು ಒಪ್ಪಿಕೊಳ್ಳೋಣ. ಕೇರಿಗೆ ಕಲ್ಲು ಬಿದ್ದ ರಾತ್ರಿ ನಾವು ಓಡಿಹೋಗುತ್ತೇವೆ. ಠಾಣೆ ಮುಂದೆ ಧರಣಿ ಕೂರುತ್ತೇವೆ. ತಮಟೆ ಬಡಿಯುತ್ತೇವೆ. ಎಫ್.ಐ.ಆರ್. ಆಯಿತು ಅಂದ ಕೂಡಲೇ ಗೆದ್ದೆವು ಅಂತ ಜೈಕಾರ ಹಾಕಿ ಬಸ್ಸು ಹತ್ತುತ್ತೇವೆ. ನಿಜವಾದ ಹೋರಾಟ ಆ ಬಸ್ಸು ಹೊರಟ ಮೇಲೆ ಶುರುವಾಗುತ್ತದೆ. ಅಲ್ಲಿಂದಾಚೆ ಐದು ವರ್ಷ, ಹತ್ತು ವರ್ಷ, ಆ ಕೂಲಿಯವನು ಒಬ್ಬನೇ ಕೋರ್ಟಿನ ಕಾರಿಡಾರಿನಲ್ಲಿ ನಿಂತಿರುತ್ತಾನೆ. ಎದುರಿಗೆ ದುಡ್ಡು, ಜಾತಿ, ಪರಿಚಯ ಮೂರೂ ಇರುವ ಪಾರ್ಟಿ. ಅವನ ಪಕ್ಕದಲ್ಲಿ ಇರಬೇಕಾದವನು ಒಬ್ಬ ವಕೀಲ. ಆ ವಕೀಲ ಯಾರು, ಎಂಥವನು ಅಂತ ನಾವು ಯಾವತ್ತಾದರೂ ವಿಚಾರಿಸಿದ್ದೇವೆಯೆ?

2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಮನೆಯೊಳಗೆ ಕೂಡಿ ಬೆಂಕಿಯಿಟ್ಟು ಸುಟ್ಟರು. ಇಡೀ ರಾಜ್ಯ ಬೆಚ್ಚಿಬಿತ್ತು. ಮಂತ್ರಿಗಳು ಬಂದರು, ನಾವೂ ಹೋದೆವು. 2006ರಲ್ಲಿ ತೀರ್ಪು ಬಂದಾಗ ಆರೋಪಿಗಳೆಲ್ಲ ಬಿಡುಗಡೆಯಾದರು. ಸಾಕ್ಷಿಗಳು ತಿರುಗಿಬಿದ್ದಿದ್ದರು. 2014ರಲ್ಲಿ ಹೈಕೋರ್ಟೂ ಆ ಬಿಡುಗಡೆಯನ್ನೇ ಎತ್ತಿಹಿಡಿಯಿತು. ಏಳು ಜನ ಸತ್ತಿದ್ದು ನಿಜ. ಕೊಂದವರು ಮಾತ್ರ ಕಾನೂನಿನ ಪ್ರಕಾರ ಯಾರೂ ಅಲ್ಲ. ಸಾಕ್ಷಿಗಳನ್ನು ಬೈದು ನಾವು ಕೈತೊಳೆದುಕೊಳ್ಳಬಹುದು. ಅದೇ ಊರಲ್ಲಿ, ಅದೇ ಜನರ ಹೊಲದಲ್ಲಿ ಕೂಲಿ ಮಾಡಿಕೊಂಡು ಆರು ವರ್ಷ ಕಾದವರ ಜೊತೆ ನಾವು ಎಷ್ಟು ದಿನ ಇದ್ದೆವು ಅನ್ನುವುದನ್ನೂ ಲೆಕ್ಕ ಹಾಕಬೇಕು.

ಇನ್ನೊಂದು ಉದಾಹರಣೆ ನೋಡಿ. ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ 2014ರ ಆಗಸ್ಟಿನಲ್ಲಿ ದಲಿತರ ಮನೆಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷ ಕೇಸು ನಡೆಯಿತು. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ 101 ಜನರನ್ನು ಅಪರಾಧಿಗಳೆಂದು ಹೇಳಿ, ಅವರಲ್ಲಿ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಮುಂದಿನ ತಿಂಗಳೇ ಹೈಕೋರ್ಟಿನ ಧಾರವಾಡ ಪೀಠದಲ್ಲಿ ಅವರಲ್ಲಿ ಬಹುಪಾಲು ಜನರಿಗೆ ಜಾಮೀನೂ ಸಿಕ್ಕಿತು. ಅಂದರೆ ಗೆದ್ದ ಮೇಲೂ ಕೇಸು ಮುಗಿಯುವುದಿಲ್ಲ. ಕೆಳಗಿನ ಕೋರ್ಟಿನಲ್ಲಿ ಕಾದಂತೆಯೇ ಮೇಲಿನ ಕೋರ್ಟಿನಲ್ಲೂ ಕಾಯಬೇಕು. ಅದಕ್ಕೆ ಕಾಲು ಗಟ್ಟಿ ಇರುವ ಜನ ಬೇಕು, ಕೈಬಿಡದ ವಕೀಲ ಬೇಕು.

ಬಾಬಾಸಾಹೇಬರ ಪಟಕ್ಕೆ ನಾವು ಹಾರ ಹಾಕುತ್ತೇವೆ. ಆ ಪಟದಲ್ಲಿರುವವರು ಒಬ್ಬ ವಕೀಲರು ಅನ್ನುವುದನ್ನು ಮರೆಯುತ್ತೇವೆ. ಲಂಡನ್ನಿನಲ್ಲಿ ಬ್ಯಾರಿಸ್ಟರ್ ಆಗಿ ಬಂದು 1923ರಲ್ಲಿ ಬೊಂಬಾಯಿ ಹೈಕೋರ್ಟಿನಲ್ಲಿ ಅವರು ವಕೀಲಿ ಶುರು ಮಾಡಿದಾಗ, ಕೇಸು ಹಂಚುವ ಸಾಲಿಸಿಟರುಗಳು ಅಸ್ಪೃಶ್ಯ ಬ್ಯಾರಿಸ್ಟರನ ಹತ್ತಿರ ಸುಳಿಯಲಿಲ್ಲ. ಅವರ ಬಳಿ ಬಂದವರು ಬಡವರು, ಕಾರ್ಮಿಕರು. ಮಹಾಡಿನ ಚವದಾರ್ ಕೆರೆಯ ನೀರು ಮುಟ್ಟಿದ್ದಕ್ಕೆ ಸವರ್ಣೀಯರು 1927ರ ಡಿಸೆಂಬರಿನಲ್ಲಿ ದಾವಾ ಹೂಡಿದರು. ಪ್ರತಿವಾದಿಗಳಲ್ಲಿ ಬಾಬಾಸಾಹೇಬರೂ ಒಬ್ಬರು. ಬೊಂಬಾಯಿ ಹೈಕೋರ್ಟು ನಮ್ಮವರ ಪರವಾಗಿ ತೀರ್ಪು ಕೊಟ್ಟಿದ್ದು 1937ರ ಮಾರ್ಚಿನಲ್ಲಿ. ಒಂದು ಬೊಗಸೆ ನೀರಿಗೆ ಸುಮಾರು ಹತ್ತು ವರ್ಷದ ವಾಯಿದೆ! ಕೆರೆಗೆ ಮೆರವಣಿಗೆ ಹೋದದ್ದು ನಮಗೆ ನೆನಪಿದೆ. ಕಡತ ಹಿಡಿದು ಹತ್ತು ವರ್ಷ ಕಾದದ್ದು ನೆನಪಿಲ್ಲ. ಎರಡೂ ಸೇರಿಯೇ ಹೋರಾಟ.

ಈಗ ಆ ಹುಡುಗನ ಪ್ರಶ್ನೆಗೆ ಬರೋಣ.

ವಕೀಲರನ್ನು ಹುಡುಕುವ ಮೊದಲು ನಿಮ್ಮ ಕೇಸು ಯಾವುದು ಅನ್ನುವುದು ನಿಮಗೆ ಗೊತ್ತಿರಬೇಕು. ಹೊಟ್ಟೆನೋವಿಗೆ ಹಲ್ಲಿನ ಡಾಕ್ಟರ ಹತ್ತಿರ ಯಾರೂ ಹೋಗುವುದಿಲ್ಲ. ಕರಿಕೋಟು ಹಾಕಿದವರೆಲ್ಲ ಎಲ್ಲ ಕೇಸೂ ನಡೆಸಬಲ್ಲರು ಅಂತ ಮಾತ್ರ ನಂಬುತ್ತೇವೆ. ಸಾಮಾನ್ಯವಾಗಿ ನಮ್ಮ ಜನಕ್ಕೆ ಬರುವ ಕೇಸು ಮೂರು ಥರ.

ಒಂದು, ಜಮೀನಿನದು. ಸರ್ಕಾರ ನಮ್ಮವರಿಗೆ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಪರಭಾರೆ ಮಾಡಕೂಡದು ಅನ್ನುವ ಕಾಯ್ದೆ ಕರ್ನಾಟಕದಲ್ಲಿ 1978ರದು. ಪಿ.ಟಿ.ಸಿ.ಎಲ್. ಕಾಯ್ದೆ ಅಂತ ಎಲ್ಲರೂ ಕರೆಯುವುದು ಇದನ್ನೇ. ಈ ಅರ್ಜಿ ಹೋಗುವುದು ಉಪವಿಭಾಗಾಧಿಕಾರಿಗೆ. ಅಲ್ಲಿ ಸೋತರೆ ಮೂರು ತಿಂಗಳೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ. ತಡವಾಗಿ ಅರ್ಜಿ ಹಾಕಿದಿರಿ ಅನ್ನುವ ಕಾರಣಕ್ಕೆ ಎಷ್ಟೋ ಬಡವರ ಅರ್ಜಿಗಳು 2017ರ ಸುಪ್ರೀಂ ಕೋರ್ಟಿನ ತೀರ್ಪಿನ ಮೇಲೆ ಬಿದ್ದುಹೋದವು. ಕಾಲಮಿತಿ ಇಲ್ಲ ಅಂತ 2023ರಲ್ಲಿ ಕಾಯ್ದೆಗೆ ತಿದ್ದುಪಡಿ ಆಯಿತು. ಈ ಏರಿಳಿತ ಗೊತ್ತಿಲ್ಲದ ವಕೀಲ, ಎಷ್ಟೇ ಒಳ್ಳೆಯವನಾದರೂ, ನಿಮ್ಮ ಜಮೀನಿನ ಕೇಸಿಗೆ ಬೇಡ. ಕಂದಾಯ ಕಚೇರಿಯ ಕಡತ ಓದಿ ಅಭ್ಯಾಸ ಇರುವವರು ಬೇಕು.

ಎರಡು, ದೌರ್ಜನ್ಯದ್ದು. 1989ರ ದೌರ್ಜನ್ಯ ತಡೆ ಕಾಯ್ದೆಯ ಕೇಸು ವಿಶೇಷ ನ್ಯಾಯಾಲಯದಲ್ಲಿ ನಡೆಯುತ್ತದೆ. ನಿಮ್ಮ ಪರ ವಾದ ಮಾಡುವವರು ಸರ್ಕಾರ ನೇಮಿಸಿದ ವಿಶೇಷ ಸರ್ಕಾರಿ ವಕೀಲರು. "ಸರ್ಕಾರವೇ ವಕೀಲರನ್ನ ಕೊಟ್ಟಿದೆಯಲ್ಲ, ನಮಗ್ಯಾಕೆ ಬೇರೆ?" ಅಂತ ನಮ್ಮವರು ಸುಮ್ಮನಾಗುತ್ತಾರೆ. ಇಲ್ಲೇ ಎಡವುವುದು. ಸರ್ಕಾರಿ ವಕೀಲರು ಸರ್ಕಾರದ ಪರ. ಅವರ ಮೇಜಿನ ಮೇಲೆ ಕೇಸುಗಳ ರಾಶಿಯೇ ಇರುತ್ತದೆ. ಅವರಿಗೆ ಸಹಾಯವಾಗಿ ನಿಮ್ಮದೇ ಒಬ್ಬ ವಕೀಲರನ್ನು ಇಟ್ಟುಕೊಳ್ಳಲು, ನ್ಯಾಯಾಲಯದ ಒಪ್ಪಿಗೆ ಪಡೆದು, ಕಾನೂನಿನಲ್ಲಿ ದಾರಿ ಇದೆ. ಅಷ್ಟೇ ಅಲ್ಲ, ಸರ್ಕಾರಿ ವಕೀಲರ ಮೇಲೆ ನಂಬಿಕೆ ಇಲ್ಲದಿದ್ದರೆ ಹಿರಿಯ ವಕೀಲರೊಬ್ಬರನ್ನು ನೇಮಿಸಿ ಅಂತ ನೊಂದವರು ಜಿಲ್ಲಾಧಿಕಾರಿಯನ್ನು ಕೇಳಬಹುದು. ಫೀಜು ಜಿಲ್ಲಾಡಳಿತದ್ದು. ಇದು 1995ರ ನಿಯಮಗಳ 4ನೇ ನಿಯಮದಲ್ಲಿ ಬರೆದಿದೆ. ಹಾಗೆ ಅರ್ಜಿ ಬರೆದುಕೊಟ್ಟವರು ನಮ್ಮಲ್ಲಿ ಎಷ್ಟು ಜನ?

ಮೂರು, ನಮ್ಮ ಮೇಲೇ ಹಾಕುವ ಪ್ರತಿದೂರು. ಹೊಡೆಸಿಕೊಂಡವನು ದೂರು ಕೊಟ್ಟ ಮಾರನೆಯ ದಿನವೇ, ಹೊಡೆಸಿಕೊಂಡವನೇ ಹೊಡೆದ ಅಂತ ಇನ್ನೊಂದು ದೂರು ಬೀಳುತ್ತದೆ. ಈ ಕೇಸಿನಲ್ಲಿ ನೀವು ಆರೋಪಿ. ಇಲ್ಲಿ ಸರ್ಕಾರಿ ವಕೀಲರು ನಿಮ್ಮ ಎದುರಿಗೆ ನಿಲ್ಲುತ್ತಾರೆ. ಜಾಮೀನು ಕೊಡಿಸಲು, ಪಾಟೀಸವಾಲು ಮಾಡಲು ಕ್ರಿಮಿನಲ್ ಕೇಸು ನಡೆಸಿ ಪಳಗಿದವರು ಬೇಕು. ಬಂಧಿಸಿದವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ತನಗೆ ಬೇಕಾದ ವಕೀಲರ ಸಲಹೆ ಪಡೆಯುವುದು ಸಂವಿಧಾನದ 22ನೇ ವಿಧಿ ಕೊಟ್ಟ ಹಕ್ಕು. ಠಾಣೆಯಲ್ಲಿ ಕೂತವನಿಗೆ ಯಾರೂ ಇದನ್ನು ಹೇಳುವುದಿಲ್ಲ. ನೀವು ಹೇಳಬೇಕು.

"ಇದೆಲ್ಲ ಸರಿ, ದುಡ್ಡು ಎಲ್ಲಿಂದ ತರೋಣ?" ಅಂತ ಕೇಳುತ್ತೀರಿ. ಕೇಳಲೇಬೇಕು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮನ್ನು ಹಾಸ್ಟೆಲಿನ ಗೋಡೆ ಮೇಲೆ ಬರೆದಿಡಿ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಯಾರಿಗೇ ಆಗಲಿ, ವರಮಾನ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ಹೆಂಗಸರಿಗೆ, ಮಕ್ಕಳಿಗೆ, ಅಂಗವಿಕಲರಿಗೆ, ಕಾರ್ಖಾನೆ ಕಾರ್ಮಿಕರಿಗೆ, ಜೀತಕ್ಕೆ ಸಿಕ್ಕವರಿಗೆ, ಬಂಧನದಲ್ಲಿರುವವರಿಗೆ ಯಾವ ಜಾತಿಯಾದರೂ ಉಚಿತ. ಪ್ರತಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇದೆ, ತಾಲ್ಲೂಕಿನಲ್ಲಿ ಸಮಿತಿ ಇದೆ. 15100ಕ್ಕೆ ಫೋನು ಮಾಡಿ ವಿಚಾರಿಸಬಹುದು. ಜಾತಿ ಪ್ರಮಾಣಪತ್ರದ ನಕಲು, ಕೇಸಿನ ಕಾಗದ, ಒಂದು ಅರ್ಜಿ ಸಾಕು. ಉಪವಿಭಾಗಾಧಿಕಾರಿಯಂಥವರ ಮುಂದಿನ ಕೇಸಿಗೂ ಈ ನೆರವು ಕೇಳಬಹುದು. ಪಟ್ಟಿಯಲ್ಲಿರುವ ಇಂಥ ವಕೀಲರೇ ಬೇಕು ಅಂತ ಕೋರಿಕೆ ಸಲ್ಲಿಸಲೂ ಅವಕಾಶ ಇದೆ. ಹೀಗೆ ನೇಮಕವಾದ ವಕೀಲರು ನಿಮ್ಮಿಂದ ಒಂದು ಪೈಸೆ ಫೀಜು ಕೇಳುವಂತಿಲ್ಲ. ಕೇಳಿದರೆ ಅದೇ ಪ್ರಾಧಿಕಾರಕ್ಕೆ ಬರೆದುಕೊಡಿ.

"ಪುಕ್ಕಟೆ ವಕೀಲ ಅಂದ್ರೆ ಪುಕ್ಕಟೆ ಕೆಲ್ಸ" ಅಂತ ಕೆಲವರು ಮೂಗು ಮುರಿಯುತ್ತಾರೆ. ಪೂರ್ತಿ ಸುಳ್ಳಲ್ಲ. ಆ ಪಟ್ಟಿಯಲ್ಲಿ ಹೆಸರಿಗಷ್ಟೇ ಇರುವವರೂ ಇದ್ದಾರೆ, ಹಗಲು ರಾತ್ರಿ ದುಡಿಯುವ ಹೊಸ ಹುಡುಗ ಹುಡುಗಿಯರೂ ಇದ್ದಾರೆ. ದುಡ್ಡು ತೆಗೆದುಕೊಂಡವರೆಲ್ಲ ನೆಟ್ಟಗೆ ಕೆಲಸ ಮಾಡಿದ್ದಾರೆಯೆ? ಆ ಹುಡುಗನ ಅಪ್ಪ ಕುರಿ ಮಾರಿ ಫೀಜು ಕೊಟ್ಟಿದ್ದರು. ಹಾಗಾದರೆ ಯಾರನ್ನು ನಂಬುವುದು? ಅದಕ್ಕೇ ಹೇಳುತ್ತೇವೆ, ಹೆಸರು ಕೇಳಿ ನಂಬಬೇಡಿ, ಕೆಲಸ ನೋಡಿ ನಂಬಿ.

ಕೆಲಸ ನೋಡುವುದು ಹೇಗೆ? ಕೋರ್ಟು ತೆರೆದ ಜಾಗ. ಯಾರು ಬೇಕಾದರೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂರಬಹುದು. ಎರಡು ದಿನ ಕೂತು ನೋಡಿ. ಯಾವ ವಕೀಲರು ಕಡತ ಓದಿಕೊಂಡು ಬರುತ್ತಾರೆ, ಯಾರು ಹೆಸರು ಕೂಗಿದಾಗ ಜೂನಿಯರನ್ನು ಕಳಿಸಿ ವಾಯಿದೆ ಕೇಳುತ್ತಾರೆ, ಯಾರು ಬಡ ಸಾಕ್ಷಿಯ ಜೊತೆ ಮೊದಲೇ ಕೂತು ಮಾತಾಡುತ್ತಾರೆ, ಎಲ್ಲ ಕಣ್ಣಿಗೆ ಕಾಣುತ್ತದೆ. ಆಮೇಲೆ ಕಾರಿಡಾರಿನಲ್ಲಿ ಕಾಯುತ್ತಿರುವ ನಮ್ಮಂಥ ಜನರನ್ನು ಮಾತಾಡಿಸಿ. "ನಿಮ್ಮ ಲಾಯರು ಯಾರು? ಫೋನು ತಗೀತಾರಾ? ಏನಾಯ್ತು ಅಂತ ಹೇಳ್ತಾರಾ?" ಕಕ್ಷಿದಾರರ ಬಾಯಿಯಿಂದ ಬರುವ ಸರ್ಟಿಫಿಕೇಟು ಎಲ್ಲಕ್ಕಿಂತ ದೊಡ್ಡದು. ವಕೀಲರು ಜಾಹೀರಾತು ಕೊಟ್ಟು ಕೇಸು ಹಿಡಿಯಕೂಡದು ಅಂತ ವಕೀಲರ ಪರಿಷತ್ತಿನ ನಿಯಮವೇ ಇದೆ. ಆದ್ದರಿಂದ ಠಾಣೆ ಬಾಗಿಲಲ್ಲಿ, ಆಸ್ಪತ್ರೆ ಮಂಚದ ಹತ್ತಿರ ಬಂದು "ನಮ್ಮ ಸಾಹೇಬ್ರ ಹತ್ರ ಬನ್ನಿ" ಅಂತ ಕಾರ್ಡು ಕೊಡುವವನು ಬಂದರೆ ಅಲ್ಲಿಂದ ಎದ್ದುಬಿಡಿ. ಎದುರು ಪಾರ್ಟಿಗೆ ಬೇಕಾದವರು ತೋರಿಸಿಕೊಟ್ಟ ವಕೀಲರಂತೂ ಬೇಡವೇ ಬೇಡ.

ಆಯ್ಕೆ ಮಾಡಿದ ಮೇಲೂ ನೇರವಾಗಿ ಸಹಿ ಹಾಕಬೇಡಿ. ಎದುರಿಗೆ ಕೂತು ಕೇಳಿ. ಕೂರಿಸಿ ಮಾತಾಡದೆ ನಿಲ್ಲಿಸಿಯೇ ಮಾತಾಡಿಸುವ ವಕೀಲರಾದರೆ ಅಲ್ಲೇ ಒಂದು ಉತ್ತರ ಸಿಕ್ಕಿತು ಅಂತ ತಿಳಿಯಿರಿ. ಇಂಥ ಕೇಸು ಹಿಂದೆ ನಡೆಸಿದ್ದೀರಾ, ಯಾವ ಕೋರ್ಟಿನಲ್ಲಿ? ವಾಯಿದೆಗೆ ನೀವೇ ಬರುತ್ತೀರಾ, ಬೇರೆಯವರನ್ನು ಕಳಿಸುತ್ತೀರಾ? ಎದುರು ಪಾರ್ಟಿಗಾಗಲಿ ಅವರ ಕಡೆಯವರಿಗಾಗಲಿ ಹಿಂದೆ ವಕಾಲತ್ತು ಹಾಕಿದ್ದೀರಾ? ನಮ್ಮ ಕೇಸಿನಲ್ಲಿ ಸೋಲುವ ಜಾಗ ಯಾವುದು? ಈ ಕೊನೆಯ ಪ್ರಶ್ನೆ ಬಹಳ ಮುಖ್ಯ. "ಏನೂ ಯೋಚ್ನೆ ಮಾಡ್ಬೇಡಿ, ನೂರಕ್ಕೆ ನೂರು ಗೆಲ್ಲಿಸ್ತೀನಿ" ಅನ್ನುವವರನ್ನು ಕೈಬಿಡಿ. "ಈ ಕಾಗದ ಇಲ್ಲದಿದ್ದರೆ ಕಷ್ಟ, ಅದನ್ನು ತನ್ನಿ" ಅನ್ನುವವರನ್ನು ಹಿಡಿಯಿರಿ.

ಫೀಜಿನ ಮಾತು ಸಂಕೋಚವಿಲ್ಲದೆ ಆಡಿ. ಒಟ್ಟು ಎಷ್ಟು, ಯಾವಾಗ ಎಷ್ಟು, ಕೋರ್ಟು ಫೀಜು, ನಕಲಿನ ಖರ್ಚು ಇದರಲ್ಲಿ ಸೇರಿದೆಯೆ, ಎಲ್ಲವನ್ನೂ ಒಂದು ಹಾಳೆ ಮೇಲೆ ಬರೆಸಿಕೊಳ್ಳಿ. ಕೊಟ್ಟದ್ದಕ್ಕೆ ರಸೀತಿ ಕೇಳಿ. ಫೋನಿನಲ್ಲಿ ಕಳಿಸುವುದಾದರೆ ವಕೀಲರ ಖಾತೆಗೇ ಕಳಿಸಿ, ಗುಮಾಸ್ತನ ಖಾತೆಗೆ ಬೇಡ. ಕೇಸು ಗೆದ್ದರೆ ಬರುವ ಜಮೀನಿನಲ್ಲಿ ಪಾಲು, ಪರಿಹಾರದ ಹಣದಲ್ಲಿ ಇಷ್ಟು ಭಾಗ ಅಂತ ಮಾತಾಡಿಕೊಳ್ಳುವುದು ವಕೀಲರಿಗೆ ನಿಷಿದ್ಧ. ದೌರ್ಜನ್ಯಕ್ಕೆ ಈಡಾದವರಿಗೆ ಸರ್ಕಾರ ಕೊಡುವ ಪರಿಹಾರ 2016ರ ನಿಯಮದಂತೆ 85 ಸಾವಿರದಿಂದ 8.25 ಲಕ್ಷ ರೂಪಾಯಿವರೆಗೆ. ಅದು ಎಫ್.ಐ.ಆರ್., ದೋಷಾರೋಪಣ ಪಟ್ಟಿ, ತೀರ್ಪು ಅಂತ ಹಂತಹಂತವಾಗಿ ಬರುತ್ತದೆ. ಅದರಲ್ಲಿ ವಕೀಲನ ಪಾಲೂ ಇಲ್ಲ, ಮುಖಂಡನ ಪಾಲೂ ಇಲ್ಲ.

ಮುಖಂಡನ ಮಾತು ಬಂತು. ನುಂಗಿಕೊಳ್ಳದೆ ಹೇಳಿಬಿಡುತ್ತೇವೆ. ನೀಲಿ ಶಾಲು ಹೊದ್ದು, ಜೈಭೀಮ್ ಅಂದು, ಠಾಣೆಯ ಹಿಂದಿನ ಬಾಗಿಲಲ್ಲಿ ರಾಜಿ ಮಾಡಿಸುವ ದಲ್ಲಾಳಿಗಳು ನಮ್ಮಲ್ಲೂ ಹುಟ್ಟಿಕೊಂಡಿದ್ದಾರೆ. ಎರಡೂ ಕಡೆ ದುಡ್ಡು ತಿಂದು, "ಊರಲ್ಲಿ ಬಾಳ್ವೆ ಮಾಡ್ಬೇಕಲ್ಲಪ್ಪ" ಅಂತ ಬುದ್ಧಿ ಹೇಳುತ್ತಾರೆ. ದೌರ್ಜನ್ಯ ಕಾಯ್ದೆಯ ಅಪರಾಧವನ್ನು ಠಾಣೆಯಲ್ಲೋ ಪಂಚಾಯ್ತಿ ಕಟ್ಟೆಯಲ್ಲೋ ರಾಜಿ ಮಾಡಿ ಮುಗಿಸಲು ಕಾನೂನಿನಲ್ಲಿ ಜಾಗ ಇಲ್ಲ. ಹೀಗೆ ರಾಜಿ ಮಾಡಿಸುವವನು ಯಾವ ಜಾತಿಯವನಾದರೂ ನಮ್ಮವನಲ್ಲ.

ಇದರ ಜೊತೆಗೇ ಇನ್ನೊಂದು ಪ್ರಶ್ನೆ ಏಳುತ್ತದೆ. ವಕೀಲರು ನಮ್ಮ ಜಾತಿಯವರೇ ಆಗಬೇಕೆ? ನಮ್ಮವರಾದರೆ ನೋವು ಬಿಡಿಸಿ ಹೇಳಬೇಕಾಗಿಲ್ಲ, ಅರ್ಥವಾಗುತ್ತದೆ. ಜಾತಿ ಹೆಸರು ಹಿಡಿದು ಬೈದದ್ದನ್ನು ಸಾಕ್ಷಿ ಕಟ್ಟೆಯಲ್ಲಿ ಹೇಳುವಾಗ ಬಾಯಿ ಒಣಗುವುದು ಯಾಕೆ ಅನ್ನುವುದು ಅವರಿಗೆ ಗೊತ್ತು. ಆದರೆ ಕಡತ ಓದದ ನಮ್ಮವನಿಗಿಂತ ಕಡತ ಓದಿ ಎದೆಯೊಡ್ಡಿ ನಿಲ್ಲುವ ಬೇರೆಯವನು ಮೇಲು. ಎರಡೂ ಇರುವವರು ಸಿಕ್ಕರೆ ಬಿಡಬೇಡಿ. ಹೆಂಗಸರ ಮೇಲಿನ ದೌರ್ಜನ್ಯದ ಕೇಸಾದರೆ ಮೊದಲು ಆ ಹೆಣ್ಣುಮಗಳನ್ನು ಕೇಳಿ. ಅವಳು ವಕೀಲೆಯೇ ಬೇಕು ಅಂದರೆ ವಕೀಲೆಯನ್ನೇ ಹುಡುಕಬೇಕು. ಅವಳ ಕೇಸಿಗೆ ವಕೀಲರನ್ನು ಅಣ್ಣಂದಿರೆಲ್ಲ ಸೇರಿ ಅವಳನ್ನು ಹೊರಗೆ ಕೂರಿಸಿ ತೀರ್ಮಾನ ಮಾಡುವುದು ಇನ್ನು ಸಾಕು.

ವಕಾಲತ್ತು ಹಾಕುವಾಗ ಓದಿ ಸಹಿ ಮಾಡಿ. ಓದು ಬಾರದ ಅಪ್ಪ ಅವ್ವನಿಗೆ ನೀವು ಓದಿ ಹೇಳಿ, ಆಮೇಲೆ ಹೆಬ್ಬೆಟ್ಟು. ಖಾಲಿ ಹಾಳೆಗೆ, ಖಾಲಿ ಛಾಪಾ ಕಾಗದಕ್ಕೆ ಯಾರು ಕೇಳಿದರೂ ಸಹಿ ಬೇಡ. ವಕಾಲತ್ತಿನ ಮೇಲೆ ವಕೀಲರ ನೋಂದಣಿ ಸಂಖ್ಯೆ ಇರುತ್ತದೆ, ಬರೆದಿಟ್ಟುಕೊಳ್ಳಿ. ಸಾಗುವಳಿ ಚೀಟಿ, ಮೂಲ ಪತ್ರ ಯಾವುದನ್ನೂ ಕೊಟ್ಟು ಬರಬೇಡಿ. ನಕಲು ಕೊಡಿ, ಮೂಲವನ್ನು ನ್ಯಾಯಾಲಯ ಕೇಳಿದಾಗ ಕೊಡಿ. ಎಫ್.ಐ.ಆರ್. ಪ್ರತಿಯನ್ನು ದೂರು ಕೊಟ್ಟವರಿಗೆ ಪೊಲೀಸರು ಪುಕ್ಕಟೆ ಕೊಡಲೇಬೇಕು. ಅದನ್ನು ಹಿಡಿದುಕೊಂಡೇ ವಕೀಲರ ಹತ್ತಿರ ಹೋಗಿ.

ಕೇಸು ಶುರುವಾದ ಮೇಲೆ ನಿಮ್ಮ ಕಣ್ಣು ಅದರ ಮೇಲಿರಲಿ. ಈಗ ಪ್ರತಿ ಕೇಸಿಗೂ 16 ಅಕ್ಷರ ಅಂಕಿಗಳ ಒಂದು ಸಿ.ಎನ್.ಆರ್. ಸಂಖ್ಯೆ ಇರುತ್ತದೆ. ನಿಮ್ಮ ಕೈಲಿರುವ ಮೊಬೈಲಿನಲ್ಲೇ ಇ-ಕೋರ್ಟ್ಸ್ ತೆರೆದು ಆ ಸಂಖ್ಯೆ ಹಾಕಿದರೆ ಮುಂದಿನ ವಾಯಿದೆ ಯಾವತ್ತು, ಹೋದ ಸಲ ಏನಾಯಿತು ಅನ್ನುವುದು ಕಾಣುತ್ತದೆ. ಆ ಹುಡುಗನ ಅಪ್ಪನ ಕೇಸು ಕಂದಾಯ ನ್ಯಾಯಾಲಯದ್ದು, ಅದಕ್ಕೆ ಕಚೇರಿಗೇ ಹೋಗಿ ಕಡತದ ನಕಲಿಗೆ ಅರ್ಜಿ ಹಾಕಬೇಕು. ಯಾವ ಕೋರ್ಟಾದರೂ ಸರಿ, "ಸಾಹೇಬ್ರು ಇಲ್ಲ" ಅನ್ನುವ ಗುಮಾಸ್ತನ ಮಾತನ್ನು ದೇವರ ಮಾತು ಅಂತ ನಂಬಬೇಡಿ. ಒಳಗೆ ಹೋಗಿ, ಹೆಸರು ಕೂಗಿದಾಗ ಎದ್ದು ನಿಂತು "ಇದ್ದೀನಿ ಸ್ವಾಮಿ" ಅನ್ನಿ.

ದೌರ್ಜನ್ಯ ಕೇಸಿನಲ್ಲಿ ನಿಮ್ಮ ವಕೀಲರಿಗೆ 15ಎ ಕಲಮು ಗೊತ್ತಿದೆಯೆ ಕೇಳಿ. 2015ರ ತಿದ್ದುಪಡಿಯಲ್ಲಿ ಬಂದದ್ದು ಇದು. ಆರೋಪಿಗೆ ಜಾಮೀನು ಕೊಡುವ ಮೊದಲು ನೊಂದವರಿಗೆ ನೋಟಿಸು ಕೊಡಬೇಕು, ಅವರ ಮಾತು ಕೇಳಬೇಕು. ಇದು ಕಡ್ಡಾಯ ಅಂತ ಸುಪ್ರೀಂ ಕೋರ್ಟು 2021ರಲ್ಲಿ ಒಂದು ರಾಜಸ್ಥಾನದ ಕೊಲೆ ಕೇಸಿನಲ್ಲಿ ಹೇಳಿತು, ನೊಂದವರ ಮಾತು ಕೇಳದೆ ಕೊಟ್ಟ ಜಾಮೀನನ್ನು ರದ್ದು ಮಾಡಿತು. ಸಂಘಟನೆಯವರ, ವಕೀಲರ ನೆರವು ಪಡೆಯುವುದು ನೊಂದವರ ಹಕ್ಕು ಅಂತಲೂ ಅದೇ ಕಲಮು ಹೇಳುತ್ತದೆ. ಅಂದರೆ ನಾವು ಕೋರ್ಟಿನ ಬಾಗಿಲಲ್ಲಿ ನಿಂತರೆ ಅದು ಯಾರೋ ಕರುಣೆಯಿಂದ ಬಿಟ್ಟ ಜಾಗ ಅಲ್ಲ. ಸಾಕ್ಷಿಗೆ ಬಂದವರಿಗೆ ಪ್ರಯಾಣದ ಖರ್ಚು, ದಿನದ ಭತ್ಯೆ ಕೊಡಬೇಕು ಅಂತ 11ನೇ ನಿಯಮ ಇದೆ. ಬಸ್ ಚಾರ್ಜಿಗೆ ಸಾಲ ಮಾಡುವ ಸಾಕ್ಷಿಯನ್ನು ಕೊಂಡುಕೊಳ್ಳುವುದು ಎಷ್ಟು ಸುಲಭ ಅನ್ನುವುದು ಎದುರು ಪಾರ್ಟಿಗೆ ಚೆನ್ನಾಗಿ ಗೊತ್ತು.

ವಕೀಲರು ಸರಿಯಿಲ್ಲ ಅನ್ನಿಸಿದರೆ ಬದಲಾಯಿಸಿ. ಕೈಹಿಡಿದ ಗಂಡ ಅಲ್ಲ ಅವರು. ತಕರಾರಿಲ್ಲ ಅಂತ ಅವರಿಂದ ಬರೆಸಿಕೊಂಡು ಬೇರೆಯವರ ವಕಾಲತ್ತು ಹಾಕಬಹುದು. ಬರೆದುಕೊಡದಿದ್ದರೆ ನ್ಯಾಯಾಲಯಕ್ಕೇ ಹೇಳಬಹುದು. ಫೀಜು ಬಾಕಿ ಇದೆ ಅಂತ ಕಡತ ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗೆ ಇಲ್ಲ ಅಂತ ಸುಪ್ರೀಂ ಕೋರ್ಟು 2000ದಲ್ಲೇ ತೀರ್ಪು ಕೊಟ್ಟಿದೆ. ಮೋಸ ಮಾಡಿದರೆ, ಎದುರು ಪಾರ್ಟಿ ಜೊತೆ ಶಾಮೀಲಾದರೆ, 1961ರ ವಕೀಲರ ಕಾಯ್ದೆಯ 35ನೇ ಕಲಮಿನ ಕೆಳಗೆ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡಬಹುದು. ಆದರೆ ಒಂದು ಮಾತು. ಸೋತದ್ದೆಲ್ಲ ಮೋಸ ಅಲ್ಲ. ಪ್ರಾಮಾಣಿಕವಾಗಿ ದುಡಿದ ವಕೀಲರೂ ಸೋಲುತ್ತಾರೆ. ಹೇಳದೆ ಕೈಬಿಟ್ಟದ್ದು ಮೋಸ, ಸುಳ್ಳು ಹೇಳಿದ್ದು ಮೋಸ. ಈ ವ್ಯತ್ಯಾಸ ನಮಗೆ ಗೊತ್ತಿರಲಿ. ಇಲ್ಲದಿದ್ದರೆ ನಮ್ಮ ಪರ ನಿಲ್ಲುವ ನಾಲ್ಕು ಜನರನ್ನೂ ಕಳೆದುಕೊಳ್ಳುತ್ತೇವೆ.

ಹಾಸ್ಟೆಲಿನ ಗೆಳೆಯರೆ, ಇಷ್ಟೆಲ್ಲ ನಿಮಗೇ ಯಾಕೆ ಹೇಳುತ್ತಿದ್ದೇವೆ? ನಿಮ್ಮ ಮನೆಯಲ್ಲಿ ಕಾಗದ ಓದಬಲ್ಲ ಮೊದಲನೆಯವರು ನೀವು. ಅಪ್ಪನಿಗೆ ವಕೀಲರ ಮುಂದೆ ಕೂರಲು ಭಯ. ನಿಮಗೆ ಇರಬೇಕಾಗಿಲ್ಲ. ಪ್ರತಿ ಹಾಸ್ಟೆಲಿನಲ್ಲೂ ಒಂದು ನೋಟುಬುಕ್ಕು ಇಡಿ. ಯಾರ ಊರಲ್ಲಿ ಯಾವ ಕೇಸು, ಸಂಖ್ಯೆ ಏನು, ವಕೀಲರು ಯಾರು, ಮುಂದಿನ ವಾಯಿದೆ ಯಾವತ್ತು, ಅಷ್ಟೂ ಅದರಲ್ಲಿರಲಿ. ವಾಯಿದೆಯ ದಿನ ಸರದಿ ಮೇಲೆ ಇಬ್ಬರು ಹೋಗಿ ಹಿಂದಿನ ಬೆಂಚಿನಲ್ಲಿ ಕೂತುಬನ್ನಿ. ಕೂಗಬೇಕಾಗಿಲ್ಲ, ಸುಮ್ಮನೆ ಕೂತರೆ ಸಾಕು. ಹಿಂದೆ ಎರಡು ಜೊತೆ ಕಣ್ಣು ನೋಡುತ್ತಿವೆ ಅಂದರೆ ವಕೀಲರೂ ಕಡತ ಓದಿಕೊಂಡು ಬರುತ್ತಾರೆ, ಸಾಕ್ಷಿಯ ಬೆನ್ನೂ ನೆಟ್ಟಗಾಗುತ್ತದೆ. ಯಾವ ವಕೀಲರು ಹೇಗೆ ನಡೆದುಕೊಂಡರು ಅನ್ನುವುದನ್ನೂ ಬರೆದಿಡಿ. ಮುಂದಿನ ಹುಡುಗ ಪ್ಲಾಸ್ಟಿಕ್ ಚೀಲ ಹಿಡಿದುಕೊಂಡು ಬಂದಾಗ ನಾವು ತಡವರಿಸಬೇಕಾಗುವುದಿಲ್ಲ.

ನಿಮ್ಮಲ್ಲಿ ಕೆಲವರು ಕಾನೂನು ಓದಿ. ಎಲ್ಲರೂ ಪೊಲೀಸ್, ಎಫ್.ಡಿ.ಎ. ಪರೀಕ್ಷೆಗೇ ಕೂತರೆ ಹೇಗೆ? ಹೊಸದಾಗಿ ವಕೀಲಿಗೆ ಇಳಿಯುವ ನಮ್ಮ ಕಾನೂನು ಪದವೀಧರರಿಗೆ ತರಬೇತಿ ಕಾಲದಲ್ಲಿ ಸಮಾಜ ಕಲ್ಯಾಣ ಇಲಾಖೆಯ ಭತ್ಯೆ ಇದೆ, ವಿಚಾರಿಸಿ. ಆದರೆ ಓದಿ ಕೋಟು ಹಾಕಿದ ಮೇಲೆ ಕೇರಿಯವನನ್ನು ಬಾಗಿಲಲ್ಲಿ ನಿಲ್ಲಿಸುವುದಾದರೆ ಈಗಲೇ ಬೇಡ.

ಆ ಹುಡುಗನ ವಿಚಾರ ಹೇಳಿ ಮುಗಿಸುತ್ತೇವೆ. ಅವನನ್ನು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಕರೆದುಕೊಂಡು ಹೋದೆವು. ಪಟ್ಟಿಯಲ್ಲಿದ್ದ ಒಬ್ಬ ವಕೀಲೆ ಸಿಕ್ಕರು. ಅವರು ಮೊದಲು ಮಾಡಿದ ಕೆಲಸ ಏನು ಗೊತ್ತೆ? ಅಪ್ಪನಿಗೆ ಕುರ್ಚಿ ಎಳೆದು ಹಾಕಿ ಕೂರಿಸಿದರು. ಆಮೇಲೆ ಸಾಗುವಳಿ ಚೀಟಿಯನ್ನು ಕಿಟಕಿ ಬೆಳಕಿಗೆ ಹಿಡಿದು ಪೂರ್ತಿ ಓದಿದರು. "ಮೂರು ತಿಂಗಳು ಕಳೆದಿದೆ, ಇದೇ ನಮ್ಮ ಕಷ್ಟ. ತಡ ಯಾಕಾಯಿತು ಅಂತ ಒಪ್ಪಿಸಬೇಕು. ಆಗಬಹುದು, ಆಗದೆಯೂ ಇರಬಹುದು" ಅಂದರು. ಅಪ್ಪ ಹೊರಗೆ ಬಂದು ಹೇಳಿದ್ದು: "ಈವಮ್ಮ ಸುಳ್ಳು ಹೇಳಲಿಲ್ಲ ಕಣಪ್ಪ."

ತಡ ಮನ್ನಿಸಿ ಅನ್ನುವ ಅರ್ಜಿ ಸಮೇತ ಜಿಲ್ಲಾಧಿಕಾರಿಗಳ ಮುಂದೆ ಮೇಲ್ಮನವಿ ಹಾಕಿದ್ದಾಗಿದೆ. ಬೇಲಿ ಇನ್ನೂ ಅಲ್ಲೇ ಇದೆ. ಗೆಲ್ಲುತ್ತೇವೋ ಇಲ್ಲವೋ ಗೊತ್ತಿಲ್ಲ. ಆದರೆ ಈ ಸಲ ಹೆಸರು ಕೂಗಿದಾಗ ಅರ್ಜಿದಾರ ಹುಣಸೆಮರದ ಕೆಳಗೆ ಇರುವುದಿಲ್ಲ. ಒಳಗೆ ಇರುತ್ತಾನೆ. ಅವನ ಹಿಂದೆ ನಾವಿರುತ್ತೇವೆ. ನೀವೂ ಬನ್ನಿ.

ಜೈ ಭೀಮ್.